ಬಾಟಲಿಗೆ ತುಂಬಿದ ಬೇರೆ ನೀರು

ತಿಮ್ಮಕ್ಕ, ಅಂದು ಪರೀಕ್ಷೆಗೆ ಹೋದ ಬಾಟಲಿಯಲ್ಲಿದ್ದದ್ದು ನಮ್ಮೂರ ಬೋರ್‌ವೆಲ್ಲಿನ ನೀರಲ್ಲ. ಅದನ್ನು ಬದಲಿಸಿದವನು ನಾನು — ಊರಿಗೆ ನೀರು ಬಿಡುವ ನೀರುಗಂಟಿ, ನಿನ್ನ ಪಕ್ಕದ ಮನೆಯವನು.

ಆರು ವರ್ಷವಾಯಿತು. ಶಿರಾ ರಸ್ತೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂದ ಮರುವರ್ಷವೇ ನಲ್ಲಿಯ ನೀರು ನೊರೆ ಕಟ್ಟತೊಡಗಿತ್ತು. ಅವರು ಕೊಳಕು ನೀರನ್ನು ಬತ್ತಿದ ಕೊಳವೆಬಾವಿಗೆ ಇಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಬಾಯಿ ಬಿಡಲಿಲ್ಲ. ನಿನ್ನ ಮೊಮ್ಮಗಳ ಮೈತುಂಬ ಗುಳ್ಳೆಗಳೆದ್ದವು, ಎಮ್ಮೆ ಎರಡು ಸಲ ದಿನ ತುಂಬುವ ಮೊದಲೇ ಕಂದು ಹಾಕಿತು. ಊರೆಲ್ಲ ಸುಮ್ಮನಿದ್ದಾಗ ನೀನೊಬ್ಬಳೇ ತಾಲ್ಲೂಕು ಕಚೇರಿಗೆ ಅಲೆದು ನೀರಿನ ಪರೀಕ್ಷೆಗೆ ಅವರನ್ನು ಒಪ್ಪಿಸಿದೆ. ಬೋರ್‌ವೆಲ್ಲಿನ ನೀರನ್ನು ಬಾಟಲಿಗೆ ಹಿಡಿದಿಡುವ ಕೆಲಸ ನನಗೇ ಬಿತ್ತು.

ಪರೀಕ್ಷೆಯ ಹಿಂದಿನ ದಿನ, ನನ್ನ ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದ ಆ ಕಾರ್ಖಾನೆಯ ಮೇಲ್ವಿಚಾರಕ ಪಂಪ್‌ಹೌಸಿಗೆ ಬಂದ.

"ಕಾರ್ಖಾನೆ ಮುಚ್ಚಿದ್ರೆ ನಿನ್ ಹೆಂಡ್ರೂ ಮನೇಲೇ ಕೂತ್ಕಬೇಕಾಯ್ತದೆ ಕಣ್ಲಾ. ನೋಡ್ಕೊ."

ಅಷ್ಟೇ. ಅವನು ಹೆದರಿಸಿದ ಎನ್ನಲೇ — ಇಲ್ಲ, ಅಷ್ಟು ಮಾತಿಗೇ ನಾನು ಸಿದ್ಧನಾಗಿದ್ದೆ. ಬೆಳಿಗ್ಗೆ ಸೈಕಲ್ ತುಳಿದು ದೂರದ ತೆಂಗಿನ ತೋಟದ ಬಾವಿಯಲ್ಲಿ ಬಾಟಲಿ ಮುಳುಗಿಸಿದೆ. ಪಂಪ್‌ಹೌಸಿಗೆ ಮರಳಿದಾಗ ಜೀಪು ಬಂದು ನಿಂತಿತ್ತು. ತಾಲ್ಲೂಕು ಕಚೇರಿಯ ಸಾಹೇಬರು ಕೆಳಗೂ ಇಳಿಯದೆ ಕೈಚಾಚಿದರು. ಆದರೆ ನೀನು ಅಲ್ಲೇ ಇದ್ದೆ. ಬಾಟಲಿ ಇಸಿದುಕೊಂಡು ಬಿಸಿಲಿಗೆ ಹಿಡಿದೆ.

"ಇವತ್ತೇನ್ಲಾ ಇಷ್ಟ್ ತಿಳಿಯಾಗೈತೆ?"

ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

"ಮಳೆ ಬಂದೈತಲ್ಲಕ್ಕ, ಅದ್ಕೆ."

ನೀನು ನಂಬಿದೆ. ನಂಬಿ, ನೀನೇ ಬಾಟಲಿಯನ್ನು ಅವರ ಕೈಗೆ ಕೊಟ್ಟೆ.

ನೀರು ಕುಡಿಯಲು ಯೋಗ್ಯ ಎಂದು ವರದಿ ಬಂತು. ಅರಳಿಕಟ್ಟೆಯಲ್ಲಿ ಯಾರೋ, "ಮೊದ್ಲು ತಿಮ್ಮಕ್ಕನ್ ತಲೆ ಟೆಸ್ಟ್ ಮಾಡುಸ್ಬೇಕು" ಅಂದರು. ಎಲ್ಲರೂ ನಕ್ಕರು. ನಾನೂ — ಹೌದು, ನಾನೂ ನಕ್ಕೆ. ಅಷ್ಟು ಹೊತ್ತಿಗೆ ನನ್ನ ಮನೆಯವರು ನಲ್ಲಿ ನೀರು ಕುಡಿಯುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ಕ್ಯಾನಿನಲ್ಲಿ ತೋಟದ ನೀರು ತರುತ್ತಿದ್ದೆ. ನಿನಗೆ ಒಂದು ಬಿಂದಿಗೆಯನ್ನೂ ಕೊಡಲಿಲ್ಲ — ಕೊಟ್ಟರೆ ಯಾಕೆಂದು ಕೇಳುತ್ತಿದ್ದೆಯಲ್ಲ.

ನೀನು ಎಮ್ಮೆ ಮಾರಿ, ಮೊಮ್ಮಗಳನ್ನು ಕರೆದುಕೊಂಡು ಕೊರಟಗೆರೆಯ ತಂಗಿಯ ಮನೆ ಸೇರಿದೆ. ಕಳೆದ ವಾರ ನಾನು ಅಲ್ಲಿಗೇ ಬಂದು ಎಲ್ಲ ಹೇಳಿದೆ. ನೀನು ಬೈಯುತ್ತೀಯ ಎಂದುಕೊಂಡಿದ್ದೆ. ನೀನು ಕೇಳಿದ್ದು ಒಂದೇ ಮಾತು:

"ನಾನ್ ಸುಳ್ ಹೇಳ್ತಿಲ್ಲ ಅಂತ ಊರ್ನಾಗೆ ನಿಂಗೊಬ್ಬಂಗೇ ಗೊತ್ತಿತ್ತಲ್ಲೋ?"

ಹೌದೆಂದು ತಲೆಯಾಡಿಸಿ ಊರಿಗೆ ಮರಳಿದೆ.

ಇಂದು ಇದನ್ನೆಲ್ಲ ಬರೆದು, ಸಹಿ ಹಾಕಿ, ತಾಲ್ಲೂಕು ಕಚೇರಿಗೆ ಕೊಟ್ಟು ಬಂದೆ. ನನ್ನ ಕೆಲಸ ಹೋಗಬಹುದು, ಹೋಗಲಿ. ನಾಳೆ ಅರಳಿಕಟ್ಟೆಯಲ್ಲಿ ನಿಂತು, ಅಂದು ನಕ್ಕವರ ಎದುರಿಗೇ ಓದುತ್ತೇನೆ. ನೀನು ಬರಬೇಕಿಲ್ಲ ಅಕ್ಕ. ಕ್ಷಮಿಸಬೇಕಾಗಿಯೂ ಇಲ್ಲ.