ಎರಡು ದಡದವರ ಊಟದ ಮೇಜು

ಬ್ರಿಸ್ಬೇನಿನ ವೃದ್ಧಾಶ್ರಮದಲ್ಲಿ ನನ್ನ ತಂಗಿಯ ನರ್ಸ್ ಕೆಲಸ ಹೋದದ್ದು ನನ್ನ ಬಾಯಿಂದ. ಅದನ್ನು ಅವಳಿಗೆ ಹೇಳಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಗೆ ಮುಂಚೆ ಮೈಸೂರಿನ ಛತ್ರಗಳಲ್ಲಿ ಊಟ ಬಡಿಸುತ್ತಿದ್ದೆ. ಗಂಡ ಹೋಟೆಲಿನಲ್ಲಿ ಅಡುಗೆಯವರು. ಅವರ ವೀಸಾದ ಮೇಲೆ ಇಲ್ಲಿಗೆ ಬಂದೆ. ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ತಂಗಿಯ ಮನೆ ಹತ್ತಿರವೇ ಇದ್ದೆವು. ಆಶ್ರಮದ ಅಡುಗೆಮನೆಗೆ ನನ್ನನ್ನು ಸೇರಿಸಿದವಳೂ ಅವಳೇ.

ಊಟದ ಹಾಲಿನ ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬ ರಷ್ಯನ್ ಅಜ್ಜಿ, ಒಬ್ಬ ಚೀನೀ ತಾತ ದಿನವೂ ಎದುರುಬದುರು ಕೂರುತ್ತಿದ್ದರು. ಬೇರೆ ಯಾರೊಂದಿಗೂ ಹೆಚ್ಚು ಮಾತಿಲ್ಲ. ಅವರಿಬ್ಬರೇ ಚೀನೀ ಮಾತಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ರಷ್ಯದವರಿಗೆ ಆ ಭಾಷೆ ಹೇಗೆ ಬರುತ್ತದೆ ಎಂದು ಒಂದು ದಿನ ತಂಗಿಯನ್ನು ಕೇಳಿದೆ. ಟೀ ಕುಡಿಯುತ್ತಾ ಅವಳು ಹೇಳಿದಳು.

ಅಜ್ಜಿ ಹುಟ್ಟಿದ್ದು ರಷ್ಯ-ಚೀನಾ ಗಡಿಯ ನದಿಯ ಚೀನಾ ದಡದಲ್ಲಿ. ರಷ್ಯದಿಂದ ಓಡಿಬಂದ ರೈತರ ಊರು ಅದು. ಅಜ್ಜಿಯ ತಾಯಿ ಚಿಕ್ಕವಳಿದ್ದಾಗ ಆಚೆ ದಡದಿಂದ ರಷ್ಯದ ಸೈನಿಕರೇ ನದಿ ದಾಟಿ ಬಂದು ಊರಿನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದಿದ್ದರು. ಆಮೇಲೆ ಒಂದು ಕಾಲಕ್ಕೆ ಚೀನಾದವರೂ ಇಲ್ಲಿರಬೇಡಿ ಎಂದರು. ಅಜ್ಜಿಯ ಮನೆಯವರು ಹೊಲಮನೆ ಬಿಟ್ಟು ಆಸ್ಟ್ರೇಲಿಯಾದ ಹಡಗು ಹತ್ತಿದರು. ತಾತ ಅದೇ ಗಡಿಯಲ್ಲಿ, ಇನ್ನೊಂದು ನದಿಯ ಮೇಲೆ, ಚೀನಾದ ಎಳೆಯ ಸಿಪಾಯಿ. ಹೆಪ್ಪುಗಟ್ಟಿದ ನದಿಯ ನಡುವೆ ಒಂದು ಸಣ್ಣ ದ್ವೀಪ. ಅದಕ್ಕಾಗಿ ಎರಡೂ ಕಡೆಯವರು ಮೊದಮೊದಲು ದೊಣ್ಣೆ ಹಿಡಿದು ಬಡಿದಾಡಿಕೊಂಡರು, ಕೊನೆಗೆ ಬಂದೂಕು ತೆಗೆದರು. ತಾತನೂ ಗುಂಡು ಹಾರಿಸಿದ್ದ.

"ಇದನ್ನ ಎಲ್ಲೂ ಆಡ್ಬೇಡ ಅಕ್ಕ. ಮಗನಿಗೆ ಗೊತ್ತಾದ್ರೆ ರಂಪ ಮಾಡ್ತಾನೆ ಅಂತ ಅಜ್ಜಿ ಹೇಳಿದಾರೆ."

"ಗುಂಡು ಹೊಡೆದೋನ ಎದುರಿಗೆ ಕೂತು ಊಟ ಮಾಡೋದಾ? ಹೆಂಗೆ ಕೂರಿಸಿದೀರೇ ನೀವು?"

"ಇದೇನು ನಿನ್ನ ಛತ್ರನಾ? ತೆಪ್ಪಗಿರು," ಎಂದು ನಕ್ಕಳು.

ಆ ನಗು ನನಗೆ ಚುಚ್ಚಿತು. ಛತ್ರದಲ್ಲಿ ಬಡಿಸುವವಳಿಗೆ ಯಾವ ಮನೆಯವರಿಗೆ ಯಾವ ಮನೆಯವರೊಂದಿಗೆ ಬಳಕೆ ಇಲ್ಲ ಎನ್ನುವುದು ಗೊತ್ತಿರಬೇಕು. ಅವರನ್ನು ಎದುರು ಪಂಕ್ತಿಯಲ್ಲಿ ಕೂರಿಸಿದರೆ ಎಲೆ ಬಿಟ್ಟು ಎದ್ದುಹೋಗುತ್ತಾರೆ, ಬೈಗುಳ ನಮಗೆ. ಓದಿದ ತಂಗಿಗೆ ತಿಳಿಯದ್ದು ನನಗೆ ತಿಳಿದಿದೆ ಎಂದುಕೊಂಡೆ.

ಆ ವಾರ ಅಜ್ಜಿಯ ಮಗ ಬಂದಿದ್ದ. ವ್ಯಾಲಿ ಎನ್ನುವ ಬಡಾವಣೆಯಲ್ಲಿ ಬೇಕರಿ ಇಟ್ಟಿದ್ದವನು. ಬಂದಾಗಲೆಲ್ಲ ನನ್ನ ಕೈಗೂ ಒಂದು ಬನ್ನು ಕೊಡುತ್ತಿದ್ದ. ಅಮ್ಮ ಊಟ ಮಾಡುತ್ತಾಳಾ ಎಂದು ಕೇಳಿದ. ತಾತನ ಕಡೆ ತೋರಿಸಿ ನನ್ನ ಹರಕು ಇಂಗ್ಲಿಷಿನಲ್ಲಿ, "ದಟ್ ಮ್ಯಾನ್ ಆರ್ಮಿ. ರಷ್ಯನ್ ಶೂಟಿಂಗ್. ಅದರ್ ಟೇಬಲ್ ಗುಡ್," ಎಂದೆ. ಅವನ ಮುಖ ಕೆಂಪಾಯಿತು. ನೇರ ಆಫೀಸಿಗೆ ನಡೆದ.

ಮರುದಿನ ತಾತನನ್ನು ಗೋಡೆ ಪಕ್ಕದ ಮೇಜಿಗೆ ಕಳಿಸಿದರು. ಆಶ್ರಮದಲ್ಲಿರುವವರ ಖಾಸಗಿ ವಿಷಯ ಹೊರಗೆ ಹೋದದ್ದು ಹೇಗೆ ಎಂದು ವಿಚಾರಣೆ ಶುರುವಾಯಿತು. ನರ್ಸಿಗೆ ಮಾತ್ರ ಹೇಳಿದ್ದೆ ಎಂದಳು ಅಜ್ಜಿ. ಮಗ ನನ್ನ ಹೆಸರು ಹೇಳಲಿಲ್ಲ. ಪಾಪದವಳು ಎಂದುಕೊಂಡನೋ ಏನೋ. ತಂಗಿಯನ್ನು ಒಳಗೆ ಕರೆದರು. ನಾನು ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಾ ನಿಂತಿದ್ದೆ. ಬಾಗಿಲು ತೆರೆದೇ ಇತ್ತು, ಹೋಗಿ ಒಂದು ಮಾತು ಹೇಳಬಹುದಿತ್ತು. ನನ್ನ ಕೆಲಸ ಹೋದರೆ ಬಾಡಿಗೆ ಹೇಗೆ ಎಂದು ನೆಪ ಹುಡುಕಿಕೊಂಡೆ. ನಿಜವಾಗಿ ಹೆದರಿದ್ದೆ, ಅಷ್ಟೆ.

ತಂಗಿ ನನ್ನ ಹೆಸರು ಎತ್ತದೆ, ತಾನಾಗಿ ಬಿಡುತ್ತೇನೆಂದು ಬರೆದುಕೊಟ್ಟು ಅಡಿಲೇಡಿನಲ್ಲಿ ಬೇರೆ ಕೆಲಸ ಹಿಡಿದಳು. ನಾನು ಅಲ್ಲೇ ಉಳಿದೆ. ಒಬ್ಬಳೇ ಕೂತಿದ್ದ ಅಜ್ಜಿ ಒಂದು ಮಧ್ಯಾಹ್ನ ತಟ್ಟೆ ತಳ್ಳಿ ನನಗೆ ನಿಧಾನವಾಗಿ ಹೇಳಿದಳು: "ಅವನು ಗುಂಡು ಹೊಡೆದದ್ದನ್ನು ಮೊದಲ ದಿನವೇ ನನಗೆ ಹೇಳಿದ್ದ. ಆ ಚಳಿ, ಆ ನದಿ ಕಂಡವರು ಇಲ್ಲಿ ಇನ್ಯಾರಿದ್ದಾರೆ? ನಿನ್ನ ತಂಗಿಯನ್ನು ನಂಬಿದ್ದೆ."

ಆಗಲಾದರೂ ಬಾಯಿ ಬಿಡಬೇಕಿತ್ತು. "ಸಾರಿ" ಎಂದು ತಟ್ಟೆ ತೆಗೆದುಕೊಂಡು ಬಂದೆ. ಚಳಿಗಾಲ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡಳು.

ಈಗ ನಾವು ಪರ್ತಿನ ಮೋರ್ಲಿಯಲ್ಲಿದ್ದೇವೆ. ಮಾಲ್‌ನಲ್ಲಿ ನೆಲ ಒರೆಸುವ ಕೆಲಸ ನನಗೆ. ಹೋದ ತಿಂಗಳು ಫೋನಿನಲ್ಲಿ ತಂಗಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ.

"ಕೆಲ್ಸ ಹಾಳಾಗ್ಲಿ ಅಕ್ಕ, ಇನ್ನೊಂದು ಸಿಕ್ತು. ಆ ಅಜ್ಜಿ ನನ್ನನ್ನ ಚಾಡಿಕೋರಿ ಅನ್ಕೊಂಡೇ ಹೋದ್ರಲ್ಲ," ಎಂದಳು. "ಮಗನಿಗಾದ್ರೂ ಹೇಳು, ನಾನು ಹೇಳ್ಸಿದ್ದಲ್ಲ ಅಂತ," ಎಂದು ಫೋನ್ ಇಟ್ಟಳು.

ಬೇಕರಿಗೆ ಫೋನ್ ಮಾಡಿದೆ. ಮಗನೇ ಎತ್ತಿಕೊಂಡ. ಅವತ್ತು ನಿಮಗೆ ಹೇಳಿದ್ದು ನಾನಾಗಿಯೇ, ನರ್ಸಿನ ತಪ್ಪು ಏನೂ ಇಲ್ಲ, ಎಲ್ಲೂ ಆಡಬೇಡ ಎಂದೇ ಅವಳು ಹೇಳಿದ್ದಳು ಎಂದು ತಡವರಿಸುತ್ತಾ ಹೇಳಿದೆ. ಹಿಂದೆ ಯಂತ್ರದ ಸದ್ದು. ಅಮ್ಮ ಹೋಗಿ ಎಷ್ಟೋ ದಿನವಾಯಿತು, ಚಿಂತಿಸಬೇಡಿ ಎಂದ. ಆಮೇಲೆ, "ಯಾವ ನರ್ಸ್?" ಎಂದು ಕೇಳಿದ.

ತಂಗಿ ನೋಡಲು ಹೇಗಿದ್ದಾಳೆಂದು ವಿವರಿಸಿದೆ. ಅವನಿಗೆ ನೆನಪಾಗಲಿಲ್ಲ. ಗಿರಾಕಿ ಬಂದಿದ್ದಾರೆ ಎಂದು ಇಟ್ಟುಬಿಟ್ಟ.

ಹೇಳಿದೆಯಾ ಎಂದು ತಂಗಿ ಮೆಸೇಜು ಕಳಿಸಿದ್ದಳು. ಹೇಳಿದೆ, ಬಹಳ ನೊಂದುಕೊಂಡರು ಎಂದು ಬರೆದೆ.