ನೂರಕ್ಕೆ ನೂರರ ಬೀದಿ

ಮೊನ್ನೆ ಸಂಜೆ ತರಕಾರಿ ತರಲು ಹೊರಟವಳು ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ತಿರುವಿನ ಹೋಟೆಲಿನ ಮುಂದೆ ನಿಂತುಬಿಟ್ಟೆ. ಬಾಗಿಲಿಗೆ ಹೊಸ ಬ್ಯಾನರ್ ಕಟ್ಟಿದ್ದರು. ಮೇಲೆತ್ತಿದ ತೋರುಬೆರಳು, ಉಗುರಿನ ಮೇಲೆ ನೇರಳೆ ಗೆರೆ, ಕೆಳಗೆ ದಪ್ಪಕ್ಷರದಲ್ಲಿ: 'ವೋಟು ಹಾಕಿ, ಬೆರಳು ತೋರಿಸಿ, ಬೆಣ್ಣೆ ದೋಸೆ ತಿನ್ನಿ.' ಒಳಗಿನ ಕಾವಲಿಯಿಂದ ಬೆಣ್ಣೆ ಕರಗುವ ವಾಸನೆ ಬರುತ್ತಿತ್ತು. ನೀವಾಗಿದ್ದರೆ ಒಳಗೆ ಹೋಗಿ ಕೂರುತ್ತಿದ್ದಿರೇನೋ. ನಾನು ಒಂದು ಕಟ್ಟು ಕೊತ್ತಂಬರಿಯನ್ನೂ ಕೊಳ್ಳದೆ ಮನೆಗೆ ಬಂದೆ.

ತಮಾಷೆಯ ಬ್ಯಾನರಿನಲ್ಲಿ ತಪ್ಪೇನಿದೆ ಎಂದು ಕೇಳುತ್ತೀರಿ. ಏನೂ ಇಲ್ಲ. ಅಂಥದ್ದನ್ನು ನಾನೇ ಬರೆದಿದ್ದೆ. ಇದಕ್ಕಿಂತ ಚೆನ್ನಾಗಿ, ಪ್ರಾಸ ಕೂಡಿಸಿ ಬರೆದಿದ್ದೆ ಎಂಬ ಜಂಬವೂ ಇತ್ತು.

ಆಗ ನಾನು ಭದ್ರಾವತಿಯಲ್ಲಿದ್ದೆ. ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಬೀದಿ ನಮ್ಮದು. ಒಂದು ಮನೆಯಲ್ಲಿ ಕನ್ನಡ, ಪಕ್ಕದ್ದರಲ್ಲಿ ತಮಿಳು, ಎದುರಿಗೆ ತೆಲುಗು. ಜಗಳ ಮಾತ್ರ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ. ನಾನು ಪ್ರೈಮರಿ ಶಾಲೆಯಿಂದ ನಿವೃತ್ತಳಾಗಿದ್ದೆ. ಹಾಜರಿ ಕರೆಯುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ. ಮದುವೆ ಊಟಕ್ಕೆ ಕೂತರೂ ಪಂಕ್ತಿಯಲ್ಲಿ ಯಾರು ಬಂದಿಲ್ಲ ಎಂದು ಎಣಿಸುವವಳು ನಾನು. ಒಬ್ಬರು ಗೈರುಹಾಜರಾದರೆ ಮಜ್ಜಿಗೆ ಗಂಟಲಲ್ಲಿ ಇಳಿಯದು.

ಅಂಥವಳ ಕೈಗೆ ಚುನಾವಣೆ ಸಿಕ್ಕಿತು. ಮತದಾನದ ಜಾಗೃತಿಗೆಂದು ಬಂದವರು ಒಂದು ಸ್ಪರ್ಧೆ ಸಾರಿಹೋದರು: ಒಬ್ಬರೂ ತಪ್ಪದೆ ವೋಟು ಹಾಕಿದ ಬೀದಿಗೆ 'ನೂರಕ್ಕೆ ನೂರರ ಬೀದಿ' ಎಂಬ ಫಲಕ; ಆ ಬೀದಿಯವರ ಹೆಸರುಗಳ ಚೀಟಿ ಎತ್ತಿ ಒಬ್ಬರಿಗೆ ಒಂದು ಮಿಕ್ಸಿ. ನಾನು ಕೂಡಲೇ ಪಟ್ಟಿ ಬರೆದೆ. ಎದುರು ಮನೆಯ ಸೆಲ್ವಿ, ಮದುವೆ ಮನೆಗಳಿಗೆ ಐಸ್‌ಕ್ರೀಮ್ ಒದಗಿಸುವವಳು, ಬೂತಿನಿಂದ ದೂರಕ್ಕೆ ಹೊಂಗೆ ಮರದ ಕೆಳಗೆ ಮೇಜು ಹಾಕುತ್ತೇನೆಂದಳು. ಶಾಯಿ ತೋರಿಸಿದವರಿಗೆ ಒಂದು ಕಪ್ ಉಚಿತ. ಅದಕ್ಕೆ ನಾನು ಬರೆದುಕೊಟ್ಟ ಸಾಲು: 'ಬೆರಳಿಗೆ ಶಾಯಿ, ತಂಪಾಗಲಿ ಬಾಯಿ.' ಸೆಲ್ವಿಗೆ ಕನ್ನಡ ಓದಲು ಬಾರದು. ಆದರೂ "ಸೂಪರ್ ಟೀಚರಮ್ಮಾ" ಅಂದಳು.

ನಮ್ಮ ಮನೆಯಿಂದ ನಾಲ್ಕನೆಯದು ಗಿರಿಜಮ್ಮನ ಮನೆ. ಗಂಡ ರುದ್ರಪ್ಪ ಕುಲುಮೆಯ ಮುಂದೆ ಬದುಕು ಸವೆಸಿದವರು. ಎರಡು ವರ್ಷದಿಂದ ಲಕ್ವ ಹೊಡೆದು ಮಲಗಿದ್ದರು. ಉಣಿಸುವುದು, ಒರೆಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಎಲ್ಲವೂ ಗಿರಿಜಮ್ಮನ ಕೆಲಸ. ಹಾಲಿಗೆ ಗೇಟಿನ ತನಕ ಬಂದರೆ ಅದೇ ಆಕೆಯ ತಿರುಗಾಟ. ಮೊದಲೇ ಅರ್ಜಿ ಹಾಕಿಸಿದ್ದರಿಂದ ಅಧಿಕಾರಿಗಳು ಮನೆಗೇ ಬಂದು ರುದ್ರಪ್ಪನವರ ವೋಟು ಪಡೆದು, ಬೆರಳಿಗೆ ಶಾಯಿ ಹಚ್ಚಿ ಹೋಗಿದ್ದರು. ಅರ್ಜಿ ಬರೆದವಳೂ ನಾನೇ.

ಮತದಾನದ ದಿನ ಮೇ ತಿಂಗಳ ಬಿಸಿಲು ಟಾರು ಕರಗಿಸುತ್ತಿತ್ತು. ಮಧ್ಯಾಹ್ನ ಮೂರಕ್ಕೆ ನನ್ನ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ನಾನು ಹೋಗಿ ಬಾಗಿಲು ತಟ್ಟಿದೆ.

"ಗಿರಿಜಮ್ಮಾ, ಇನ್ನೂ ಹೊರಟಿಲ್ವಾ?"

"ಇವರ ಉಸಿರು ಇವತ್ತು ಯಾಕೋ ಸರಿ ಇಲ್ಲ ಟೀಚರೇ. ನಂದೊಂದು ವೋಟು ತಾನೆ, ಬಿಡಿ."

"ಒಂದು ಅಂತೀರಲ್ಲ! ಇಡೀ ಬೀದೀಲಿ ನೀವೊಬ್ರೇ ಉಳಿದಿರೋದು ಮಾರಾಯ್ರೇ. ಅಷ್ಟೂ ಜನರಿಗೆ ಸಿಗೋ ಫಲಕ ನಿಮ್ಮಿಂದ ತಪ್ಪಬೇಕಾ?"

ಆಕೆ ಸೆರಗಿನ ತುದಿ ತಿರುಚುತ್ತ ಒಳಗೆ ಮಲಗಿದ್ದ ಗಂಡನ ಕಡೆ ನೋಡಿದಳು.

"ನಾನು ಇವರ ಹತ್ರ ಕೂತಿರ್ತೀನಿ. ಅರ್ಧ ಗಂಟೆ ಅಷ್ಟೇ. ಮಿಕ್ಸಿ ನಿಮಗೇ ಬಂದ್ರೂ ಬಂತು, ಯಾರಿಗೆ ಗೊತ್ತು?" ಎಂದು ನಕ್ಕೆ.

ಬೀದಿಯವರ ಮುಂದೆ ತಪ್ಪಿತಸ್ಥಳಾಗಲು ಆಕೆಗೆ ಧೈರ್ಯ ಬರಲಿಲ್ಲ. ಒಳಗೆ ಹೋಗಿ ಸೀರೆ ಬದಲಾಯಿಸಿದಳು. ಗಂಡನ ಹಣೆಗೆ ವಿಭೂತಿ ಹಚ್ಚಿ, ಕಿವಿಯ ಹತ್ತಿರ ಬಾಗಿ, "ಇಲ್ಲೇ ಹೋಗಿ ಬಂದುಬಿಡ್ತೀನಿ" ಅಂದಳು. ಬೂತಿನೊಳಗೆ ಮೊಬೈಲ್ ಬಿಡುವುದಿಲ್ಲವೆಂದು ನಾನೇ ಹೇಳಿದ್ದರಿಂದ ಅದನ್ನು ಗೂಡಿನಲ್ಲಿಟ್ಟು ಹೋದಳು.

ಆಕೆ ಗೇಟು ದಾಟುವಷ್ಟರಲ್ಲಿ ನಾನು ಪಟ್ಟಿ ತೆಗೆದು ಆಕೆಯ ಹೆಸರಿನ ಮುಂದೆ ಮುಂಚಿತವಾಗಿಯೇ ಗುರುತು ಹಾಕಿದೆ. ನನ್ನ ಬಗ್ಗೆ ನಿಮಗೆ ಬೇರೇನೂ ತಿಳಿಯದಿದ್ದರೂ ಇದೊಂದು ತಿಳಿದಿರಲಿ.

ಹತ್ತು ನಿಮಿಷ ಕಳೆದಿರಬಹುದು. "ಬಂದ್ಲಾ?" ಎಂದು ರುದ್ರಪ್ಪ ಕೇಳಿದರು. ಅವರ ಮಾತು ತೊದಲು. ಆದರೆ ಇದು ಸ್ಪಷ್ಟವಾಗಿತ್ತು.

"ಈಗ ಬರ್ತಾರೆ" ಎಂದು ಚಮಚದಲ್ಲಿ ನೀರು ಹಿಡಿದೆ. ನೀರು ಕಟವಾಯಿಯಿಂದ ಹೊರಗೆ ಹರಿಯಿತು. ಉಸಿರು ಎಳೆಯುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ಎಳೆಯುತ್ತಿದ್ದರು. ನಾನು ಬಾಗಿಲಿಗೆ ಓಡಿದೆ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಒಳಗೆ ಬಂದು ಆ್ಯಂಬುಲೆನ್ಸಿಗೆ ಫೋನ್ ಮಾಡಿದೆ. ಬರುತ್ತದೆ ಎಂದರು. ಗಿರಿಜಮ್ಮನನ್ನು ಕರೆತರಲು ಹೋಗೋಣವೆಂದರೆ ಇವರನ್ನು ಒಬ್ಬರನ್ನೇ ಬಿಡಬೇಕು. ಲಕ್ವ ತಾಗದೆ ಆಡುತ್ತಿದ್ದ ಕೈಯನ್ನು ಹಿಡಿದುಕೊಂಡು ಕೂತೆ. "ಬಂದ್ಲಾ?" ಇನ್ನೊಮ್ಮೆ ಕೇಳಿದರು. ಆಮೇಲೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕೈಯೊಳಗಿನ ಬೆರಳುಗಳು ಸುಮ್ಮನಾದವು. ಇನ್ನು ಆ್ಯಂಬುಲೆನ್ಸು ಬೇಡವೆಂದು ಫೋನ್ ಮಾಡಿ ಹೇಳಿದೆ.

ಅದಾದ ಎಷ್ಟೋ ಹೊತ್ತಿಗೆ ಗೇಟು ಸದ್ದಾಯಿತು. "ತಡ ಆಯ್ತೇನೋ ಟೀಚರೇ, ಕ್ಯೂ ಇತ್ತು" ಎನ್ನುತ್ತ ಒಳಗೆ ಬಂದವಳು ನನ್ನ ಮುಖ ನೋಡಿ ಅಲ್ಲೇ ನಿಂತಳು.

"ನಿದ್ದೇಲೇ ಹೋದ್ರು ಗಿರಿಜಮ್ಮಾ. ಏನೂ ಒದ್ದಾಡಲಿಲ್ಲ. ಕಣ್ಣೂ ಬಿಡಲಿಲ್ಲ" ಎಂದೆ.

ಮರುದಿನ ಮಣ್ಣು ಮಾಡಿದರು. ಆಕೆಯ ಬೆರಳ ಶಾಯಿ ಹಸಿಯಂತೆ ಹೊಳೆಯುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದ ಬಣ್ಣ ಅದು. ಉಗುರು ಬೆಳೆಬೆಳೆದು ಅದು ತುದಿಗೆ ಸರಿಯುವ ತನಕ ನಾನು ಆಕೆಯ ಕೈಯ ಕಡೆ ನೋಡದೆ ಮಾತಾಡುವುದನ್ನು ಕಲಿತೆ. ಫಲಕ ನಮಗೇ ಬಂತು. ಮಿಕ್ಸಿ ಯಾರಿಗೋ ಹೋಯಿತು. ಬೀದಿಯ ತುದಿಯಲ್ಲಿ ಫಲಕ ನಿಲ್ಲಿಸಿದಾಗ ಭಾಷಣ ಮಾಡೆಂದು ಕರೆದರು. ಜ್ವರವೆಂದೆ. ವರ್ಷದೊಳಗೆ, ಮಂಡಿ ನೋವಿಗೆ ಶಿವಮೊಗ್ಗದ ಡಾಕ್ಟರು ಹತ್ತಿರವಾಗುತ್ತಾರೆಂಬ ನೆಪ ಹೇಳಿ ವಿನೋಬನಗರದ ತಂಗಿಯ ಮನೆಗೆ ಬಂದುಬಿಟ್ಟೆ. ಮಂಡಿ ನೋವೇನೋ ನಿಜವೇ. ಆದರೆ ಅದು ಭದ್ರಾವತಿಯಲ್ಲೂ ಇಷ್ಟೇ ಇತ್ತು.

ಬ್ಯಾನರು ನೋಡಿದ ರಾತ್ರಿ ಕಳೆದು ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಮಾಚೇನಹಳ್ಳಿಯಲ್ಲಿ ಕೆಲಸಕ್ಕೆ ಹೋಗುವವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಅಲ್ಲಿಂದಲೇ ಹಿಂದಿರುಗಿದರೆ ಹೇಗೆ ಎನ್ನಿಸಿತು. ಇಳಿಯಲಿಲ್ಲ.

ಗಿರಿಜಮ್ಮ ಈಗ ಹೋಟೆಲುಗಳಿಗೆ ಅಕ್ಕಿ ರೊಟ್ಟಿ ಮಾಡಿಕೊಡುತ್ತಾಳೆ. ಸಹಾಯಕ್ಕಿದ್ದ ಇಬ್ಬರು ಹೆಂಗಸರು ರೊಟ್ಟಿ ಕೊಡಲು ಹೊರಗೆ ಹೋದದ್ದೇ ನಾನು ಹೇಳಿಬಿಟ್ಟೆ. ನಿದ್ದೆಯಲ್ಲಿ ಹೋದರೆಂಬುದು ಸುಳ್ಳು, ಎಚ್ಚರವಿತ್ತು, ನಿಮ್ಮನ್ನು ಕೇಳಿದರು ಎಂದು.

ಆಕೆ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಕೂತಳು. "ಎಷ್ಟು ಸಲ?"

"ಎರಡು ಸಲ."

ಒಲೆ ಆರಿಸಿದಳು. ಕೈಯ ಹಿಟ್ಟನ್ನು ತೊಳೆದುಕೊಂಡು ಅಂದಳು: "ಕ್ಯೂನೇ ಇರಲಿಲ್ಲ ಟೀಚರೇ."

ನನಗೆ ಅರ್ಥವಾಗಲಿಲ್ಲ.

"ಐದು ನಿಮಿಷಕ್ಕೆ ವೋಟು ಆಯ್ತು. ಸೆಲ್ವಿ ಕರೆದ್ಲು. ಮರದ ಕೆಳಗೆ ಕುರ್ಚಿ ಹಾಕಿದ್ಲು, ಕೂತೆ. ಗಾಳಿ ಬೀಸ್ತಿತ್ತು. ಒಂದು ಕಪ್ ಐಸ್‌ಕ್ರೀಮ್ ತಿಂದೆ. ಇನ್ನೊಂದು ತಗೋಕ್ಕಾ ಅಂದ್ಲು, ಅದನ್ನೂ ತಿಂದೆ. ಎರಡು ವರ್ಷದಲ್ಲಿ ಹಾಗೆ ಸುಮ್ನೆ ಕೂತಿದ್ದೇ ಇಲ್ಲ. ಏಳೋಕೆ ಮನಸ್ಸೇ ಬರ್ಲಿಲ್ಲ. ಇವರ ನೆನಪೂ ಬರ್ಲಿಲ್ಲ, ನಿಜ ಹೇಳ್ತೀನಿ. ಯಾರಿಗೂ ಹೇಳ್ಬೇಡ ಮಾರಾಯ್ತಿ ಅಂದಿದ್ದೆ ಸೆಲ್ವಿಗೆ. ಪಾಪ, ಅವಳು ಇವತ್ತಿಗೂ ಹೇಳಿಲ್ಲ."

ಅದು ನಿಮ್ಮ ತಪ್ಪಲ್ಲ ಎನ್ನಬಹುದಿತ್ತು. ಆದರೆ ಆಕೆಯನ್ನು ಆ ಮನೆಯಿಂದ ಎಬ್ಬಿಸಿ ಕಳಿಸಿದವಳ ಬಾಯಲ್ಲಿ ಅದಕ್ಕೇನು ಬೆಲೆ? ಇಬ್ಬರೂ ಗೋಡೆಗೊರಗಿ ಕೂತೆವು. ಹೆಂಗಸರು ಮರಳಿ ಬಂದಾಗ ನಾನು ಎದ್ದೆ.

ಬಸ್‌ಸ್ಟ್ಯಾಂಡಿನವರೆಗೂ ಗಿರಿಜಮ್ಮ ಜೊತೆಗೆ ಬಂದಳು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಸರಳು ಹಿಡಿದು ಕೇಳಿದಳು: "ಇವರು ಹೇಗೆ ಕೇಳಿದ್ರು ಟೀಚರೇ? ಸಿಟ್ಟಲ್ಲಾ, ಹೆದರಿಕೇಲಾ? ಅದೊಂದು ನೆನಪು ಮಾಡ್ಕೊಂಡು ಹೇಳಿ."

ಬಸ್ಸು ಹೊರಟಿತು. ದಾರಿಯುದ್ದಕ್ಕೂ ಯೋಚಿಸಿದೆ. ಈಗಲೂ, ಇದನ್ನು ಬರೆಯುವಾಗಲೂ, ಯೋಚಿಸುತ್ತಿದ್ದೇನೆ. ಪ್ರೀತಿಯಿಂದ ಕೇಳಿದರು ಎನ್ನುವುದು ಎಷ್ಟು ಸುಲಭ. ಆಕೆ ನಂಬಿಯೂ ನಂಬುತ್ತಾಳೆ. ಆದರೆ ಆ ಧ್ವನಿಯಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ನಾನು ಅವರನ್ನು ನೋಡಿಯೇ ಇರಲಿಲ್ಲ. ಸೋಮವಾರ ಮತ್ತೆ ಹೋಗುತ್ತಿದ್ದೇನೆ. ಗೊತ್ತಿಲ್ಲ ಎಂಬುದನ್ನು ಎದುರಿಗೆ ಕೂತು ಹೇಳಬೇಕು.