ಗ್ವಿಲಿಮ್ ಡಾಕ್ಟರರ ನೀಲಿ ಗಂಟು

ಕೇಂಬ್ರಿಡ್ಜಿನ ಒಂದು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವಳು ನಾನು. ಅಲ್ಲಿನ ಗ್ವಿಲಿಮ್ ಡಾಕ್ಟರು ಇಪ್ಪತ್ತು ವರ್ಷದಿಂದ ಪ್ರೋಟೀನಿನ ಹರಳು ಬೆಳೆಸುವವರು. ಹರಳು ಬೆಳೆಯುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ, ಬಾಟಲಿ ತೊಳೆದು ಮುಗಿಯುವವರೆಗೆ ಮಾತ್ರ ಕಾಯಲಾರರು.

ಹರಳಿಗೆ ಎಕ್ಸ್-ಕಿರಣ ಬಿಟ್ಟರೆ, ಎಲೆಕ್ಟ್ರಾನುಗಳಿರುವ ಕಡೆಯೆಲ್ಲ ಪರದೆಯ ಮೇಲೆ ನೀಲಿ ಬಲೆ ಮೂಡುತ್ತದೆ. ಅದರೊಳಗೆ ಅಣುಗಳನ್ನು ಕೂರಿಸುವುದು ಅವರ ಕೆಲಸ. ಈ ಸಲ ಬಲೆಯ ಒಂದು ಗಂಟು ಗೊತ್ತಿರುವ ಯಾವ ಅಣುವಿಗೂ ಸೇರದೆ ಉಳಿಯಿತು.

“ಹೊಸ ಅಣು, ಎಡ್ನಾ!” ಎಂದು ಡಾಕ್ಟರು ನನ್ನನ್ನು ಕೂಗಿದರು. “ನನ್ನ ಹೆಸರೇ ಇಡ್ತೀನಿ. ಶುಕ್ರವಾರ ಲೇಖನ ಕಳಿಸ್ತೀನಿ.”

ನಮ್ಮಲ್ಲಿ ಗಂಟನ್ನು ತಪ್ಪಾಗಿ ಗುರುತಿಸಿದವರು ಎಲ್ಲರಿಗೂ ಕೇಕ್ ತರಬೇಕು. ಅಚ್ಚಾದ ಮೇಲೆ ತಪ್ಪು ಬಯಲಾದರೆ ಕೇಕಿನಲ್ಲಿ ಮುಗಿಯುವುದಿಲ್ಲ, ಮಾನವೇ ಹೋಗುತ್ತದೆ.

ನನ್ನ ಪುಸ್ತಕ ತೆರೆದೆ. ಅದರಲ್ಲಿ ಅಕ್ಷರ ಕಡಿಮೆ. ನಮ್ಮ ಗಡಸು ನೀರಿನ ಸುಣ್ಣದ ಕಲೆ ಬಿಡಿಸಲು ಬಾಟಲಿಗೆ ಸಿಟ್ರಿಕ್ ಹುಳಿ ಹಾಕಿದರೆ ಒಂದು ಚುಕ್ಕೆ, ಆಮೇಲೆ ಪ್ರತಿ ಸಲ ತೊಳೆದಾಗ ಒಂದು ಗೀಟು, ಒಟ್ಟು ಮೂರು. ಎಕ್ಸ್-ಕಿರಣಕ್ಕೆ ಮುಂಚೆ ಬೆಳೆದ ಹರಳನ್ನು ಅದ್ದುವ ದ್ರಾವಣಕ್ಕೆ ಅವರು ಒಯ್ದ ಬಾಟಲಿಗೆ ಚುಕ್ಕೆ ಇತ್ತು, ಗೀಟು ಒಂದೂ ಇರಲಿಲ್ಲ.

“ಮಂಗಳವಾರ ಹುಳಿ ಚೆಲ್ಲಿದ್ದೇ ತಡ, ತೊಳೆಯೋಕೂ ಬಿಡದೆ ಬಾಟ್ಲಿ ಕಿತ್ಕೊಂಡು ಓಡಿದ್ರಲ್ಲ ಡಾಕ್ಟ್ರೇ? ನಿಮ್ಮ ಹೊಸ ಅಣು ನಿಂಬೆಹಣ್ಣಲ್ಲೂ ಸಿಗುತ್ತೆ.”

“ಇನ್ಮೇಲೆ ಪಾಠಾನೂ ನೀವೇ ಮಾಡಿ,” ಎಂದು ಗೊಣಗಿದರು. ಆದರೂ ಆ ಹುಳಿಯ ಸಿಟ್ರೇಟ್ ಅಣುವನ್ನು ಗಂಟಿನೊಳಗೆ ಇಟ್ಟು ನೋಡಿದರು. ಬಾಟಲಿಗೆ ಅದರದೇ ಮುಚ್ಚಳ ಕೂತಂತೆ ಕೂತಿತು.

ಶುಕ್ರವಾರ ಲೇಖನ ಹೋಗಲಿಲ್ಲ, ಕೇಕ್ ಬಂತು. ನಿಂಬೆಯದೇ ಆಗಬೇಕೆಂದು ಹಟ ಹಿಡಿದವಳು ನಾನು.

“ಮೊದಲ ತುಂಡು ನಿಮಗೆ,” ಎಂದರು ಡಾಕ್ಟರು. “ತಟ್ಟೇನ ಮೂರು ಸಲ ತೊಳ್ದಿದೀನಿ, ಗೀಟು ಹಾಕ್ಕೊಳ್ಳಿ.”